ತುಂಗಾ ಮಿಸ್ ಬಿದ್ದ ಫೋಟೋ

ಚಂದ್ರಾ ಲೇಔಟಿನ ಬಸ್ ಸ್ಟಾಪಿಗೆ ಇನ್ನೂ ನೂರು ಹೆಜ್ಜೆ ಇರುವಾಗ ಫುಟ್‌ಪಾತಿನ ಚಪ್ಪಡಿಯೊಂದು ತುಂಗಾಳ ಕಾಲಡಿಯಲ್ಲಿ ವಾಲಿತು. ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. ಐವತ್ತಮೂರರ ಮೈ ಬೋರಲು ಬಿತ್ತು. ಬ್ಯಾಗಿನಲ್ಲಿದ್ದದ್ದೆಲ್ಲ ಮುಂದಕ್ಕೆ ಚೆಲ್ಲಿತು: ಚಿತ್ರಾನ್ನದ ಡಬ್ಬಿ, ಬಿಪಿ ಮಾತ್ರೆ, ಕೆಂಪು ಪೆನ್ನು, ಅವಳು ರಾತ್ರಿ ತಿದ್ದಿ ಮುಗಿಸಿದ್ದ ಒಂಬತ್ತನೇ ಕ್ಲಾಸಿನ ಗಣಿತದ ಟೆಸ್ಟ್ ಪೇಪರುಗಳು. ಬಲ ಮಣಿಕಟ್ಟಿನಲ್ಲಿ ಏನೋ ಚಟ್ಟೆಂದಿತು. ಕೂಗೋಣವೆಂದರೆ ಉಸಿರೇ ಬರಲಿಲ್ಲ.

"ಆಂಟಿ, ಸೂಪರ್! ಒಂದ್ನಿಮಿಷ ಹಂಗೇ ಇರಿ, ಪ್ಲೀಸ್."

ಯಾವುದೋ ಹುಡುಗಿಯ ದನಿ. ತುಂಗಾ ಕಣ್ಣು ಹೊರಳಿಸಿದಳು. ಕಾಲೇಜಿನವರಂತೆ ಕಂಡ ಇಬ್ಬರು ನಿಂತಿದ್ದರು, ಒಬ್ಬಳ ಕೈಯಲ್ಲಿ ಫೋನು. ಇನ್ನೊಬ್ಬಳು ಬೂಟಿನ ತುದಿಯಿಂದ ಕೆಂಪು ಪೆನ್ನನ್ನು ಪೇಪರಿನ ಹತ್ತಿರಕ್ಕೆ ತಳ್ಳಿ, "ಹಾಂ, ಈಗ ತೆಗಿಯೇ" ಎಂದಳು.

ಆ ತಿಂಗಳು ಜನಕ್ಕೆಲ್ಲ ಬೀಳುವ ಹುಚ್ಚು ಹಿಡಿದಿತ್ತು. ಎಲ್ಲೋ ಯಾರೋ ಶ್ರೀಮಂತರು ಕಾರಿನಿಂದ ಮುಗ್ಗರಿಸಿ ಬಿದ್ದವರ ಹಾಗೆ ಮಲಗಿ, ಸುತ್ತ ಒಡವೆ, ಪರ್ಸು, ಹೈಹೀಲ್ಸ್ ಚೆಲ್ಲಿಕೊಂಡು ಫೋಟೋ ಹಾಕಿದ್ದರು. ಅವರನ್ನು ಅಣಕಿಸಲೆಂದು ಎಲೆಕ್ಟ್ರಿಷಿಯನ್‌ಗಳು ವೈರು ಚೆಲ್ಲಿಕೊಂಡು ಬಿದ್ದರು, ಪುರೋಹಿತರು ಪಂಚಪಾತ್ರೆ ಚೆಲ್ಲಿಕೊಂಡು ಬಿದ್ದರು, ಡೆಲಿವರಿಯವರು ಪಾರ್ಸೆಲ್ಲುಗಳ ನಡುವೆ ಬಿದ್ದರು. ತುಂಗಾ ಬಿದ್ದದ್ದು ನಿಜವಾಗಿ ಎಂದು ಆ ಹುಡುಗಿಯರಿಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಎದುರಿಗೆ ಸೊಪ್ಪು ಮಾರುತ್ತಿದ್ದ ಹನುಮವ್ವನಿಗೆ. "ಏ ಹುಡುಗ್ಯಾರಾ, ಕಣ್ಣು ಕಾಣಂಗಿಲ್ಲೇನು? ಆ ತಾಯಿ ಖರೇನ ಬಿದ್ದಾಳ!" ಎನ್ನುತ್ತ ಓಡಿಬಂದು ಕಂಕುಳಿಗೆ ಕೈಕೊಟ್ಟು ಎಬ್ಬಿಸಿ ಕೂರಿಸಿದಳು. ತುಂಗಾ ತಲೆಯೆತ್ತುವಷ್ಟರಲ್ಲಿ ಹುಡುಗಿಯರು ಆಟೋ ಹತ್ತಿ ಹೋಗಿದ್ದರು.

ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಸಂಜೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬರುವ ಹೊತ್ತಿಗೆ ಫೋಟೋ 'ಟೀಚರ್ ವರ್ಷನ್' ಎಂಬ ಹೆಸರಿನಲ್ಲಿ ಎಲ್ಲರ ಮೊಬೈಲಿಗೂ ಬಂದಿತ್ತು. ಅವಳ ಮುಖ ಕಂಡದ್ದು ಅರ್ಧವೇ. ಗುರುತಿನವರಿಗೆ ಅಷ್ಟು ಸಾಕಾಯಿತು.

ಗಂಡ ಸುಧೀಂದ್ರ ಇನ್ಶೂರೆನ್ಸ್ ಏಜೆಂಟ್, ದಿನಕ್ಕೆ ನಲವತ್ತು ಜನರೊಂದಿಗೆ ಮಾತಾಡುವವನು. ಊಟಕ್ಕೆ ಬಡಿಸುತ್ತ ಅವನೇ ಉಪಾಯ ಹೇಳಿದ. "ಯಾರ್ ಕೇಳಿದ್ರೂ ತಮಾಷೆಗೆ ಮಾಡಿದ್ದು ಅಂದ್ಬಿಡು. ನಡುಬೀದೀಲಿ ಬಿದ್ದಿದ್ದೆ, ಎತ್ತೋರಿಲ್ಲ ಅಂತ ಹೇಳ್ಕೊಳ್ಳೋಕಿಂತ ವಾಸಿ."

"ಕೈ?"

"ಅದು ಆಮೇಲೆ ಬಚ್ಚಲಲ್ಲಿ ಜಾರಿದ್ದು ಅನ್ನು."

ತುಂಗಾ ಒಪ್ಪಲಿಲ್ಲ. ಎರಡು ದಿನ ಕೇಳಿದವರಿಗೆಲ್ಲ ನಡೆದದ್ದನ್ನೇ ಹೇಳಿದಳು. ಹಾಲಿನ ಬೂತಿನಲ್ಲಿ ಹೇಳಿದಳು, ಮಹಡಿ ಮನೆಯವರಿಗೆ ಹೇಳಿದಳು, ಊರಿಂದ ಫೋನು ಮಾಡಿದ ನಾದಿನಿಗೆ ಹೇಳಿದಳು. ಎಲ್ಲರೂ ಮೊದಲು ನಗುತ್ತಿದ್ದರು, ಆಮೇಲೆ "ಅಯ್ಯೋ, ಹೌದಾ?" ಎನ್ನುತ್ತಿದ್ದರು, ಆದರೆ ಆ ಅಯ್ಯೋದಲ್ಲೂ ನಗು ಉಳಿದಿರುತ್ತಿತ್ತು. ಮೂರನೆಯ ದಿನ ಅವಳಿಗೆ ಸಾಕಾಯಿತು. ವಿಜಯನಗರದ ಶಾಲೆಗೆ ಹೋದರೆ ಹೆಡ್‌ಮಿಸ್ ಶಶಿಕಲಾ ಮೇಡಂ ಆಗಲೇ ಫೋಟೋವನ್ನು ಶಾಲೆಯ ಪೇಜಿಗೆ ಹಾಕಿ, 'ನಮ್ಮ ಗಣಿತ ಮಿಸ್ ಎಷ್ಟು ಸ್ಪೋರ್ಟಿವ್ ನೋಡಿ!' ಎಂದು ಬರೆದಾಗಿತ್ತು. "ಅಡ್ಮಿಷನ್ ಟೈಮಿಗೆ ಒಳ್ಳೇದಾಯ್ತು ತುಂಗಾ" ಎಂದರು. ತುಂಗಾ ಸುಮ್ಮನೆ ನಕ್ಕು ಕ್ಲಾಸಿಗೆ ಹೋದಳು.

ಒಂಬತ್ತನೇ ಬಿ ಸೆಕ್ಷನ್ನಿನಲ್ಲಿ ಕಿಟಕಿ ಪಕ್ಕದ ಜಾಗ ಖಾಲಿಯಿತ್ತು. ಮರುದಿನವೂ ಖಾಲಿ. ಅದರ ಮರುದಿನ ವಿಚಾರಿಸಿದಳು.

"ಸಿಂಚನಾ ಬರಲ್ಲ ಮಿಸ್" ಎಂದಳು ಪಕ್ಕದ ಹುಡುಗಿ. "ಎಲ್ರೂ ಅವಳನ್ನ ತ್ರೀ ಬೈ ಟ್ವೆಂಟಿಫೈವ್ ಅಂತಾರೆ."

ತುಂಗಾಳಿಗೆ ತಕ್ಷಣ ಅರ್ಥವಾಗಲಿಲ್ಲ. ಸ್ಟಾಫ್‌ರೂಮಿಗೆ ಬಂದು, ಅಷ್ಟು ದಿನ ಸರಿಯಾಗಿ ನೋಡದೇ ಬಿಟ್ಟಿದ್ದ ಫೋಟೋವನ್ನು ಎಡಗೈಯಲ್ಲಿ ದೊಡ್ಡದು ಮಾಡಿ ನೋಡಿದಳು. ಚೆಲ್ಲಿದ ಪೇಪರುಗಳ ಮೇಲ್ಗಡೆ ಸಿಂಚನಾಳ ಹೆಸರು, ಕ್ಲಾಸು, ಕೆಂಪಿನಲ್ಲಿ ಸುತ್ತು ಹಾಕಿದ 3/25. ಜನ ಈಗ ಆ ಫೋಟೋವನ್ನೂ ಅಣಕಿಸುತ್ತಿದ್ದರು. ಜಿಮ್ಮಿನವನೊಬ್ಬ ಡಂಬೆಲ್ ಪಕ್ಕ 3/25 ಎಂದು ಬರೆದ ಹಾಳೆ ಇಟ್ಟು ಬಿದ್ದಿದ್ದ. ಮದುಮಕ್ಕಳು ಅಕ್ಷತೆಯ ಜೊತೆ ಅದೇ ಹಾಳೆ ಹಿಡಿದು ಬಿದ್ದಿದ್ದರು. ಯಾವುದೋ ಬೇಕರಿಯವರು ಕೇಕಿನ ಮೇಲೆ ಅದನ್ನೇ ಬರೆದಿದ್ದರು.

ಶಾಲೆ ಬಿಟ್ಟ ಮೇಲೆ ಅವಳು ಮೂಡಲಪಾಳ್ಯಕ್ಕೆ ಹೋದಳು. ಕಡಿದಾದ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದಾಗ ಸಿಂಚನಾಳ ತಾಯಿ ಲಕ್ಷ್ಮವ್ವ ತೆರೆದಳು. ಗಾರ್ಮೆಂಟ್ಸಿನಿಂದ ಆಗಷ್ಟೇ ಬಂದವಳು. ಸೆರಗಿನ ತುಂಬ ದಾರದ ಚೂರು.

"ಬರ್ರಿ ಮಿಸ್, ಕೂಡ್ರಿ. ಶಾಲಿಗೆ ಹೋಗು ಅಂದ್ರ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ತಾಳ್ರಿ. ಉಣ್ಣವಲ್ಲಳು. ನನಗೇನೂ ತಿಳಿವಲ್ದು."

ಹುಡುಗಿ ಮೂಲೆಯಲ್ಲಿ ಮಂಡಿ ಮಡಿಸಿ ಕೂತಿದ್ದಳು. ತುಂಗಾ ಹತ್ತಿರ ಹೋಗಿ ಕೂತಳು. ಸಿಂಚನಾ ಕೇಳಿದಳು:

"ಅಷ್ಟೊಂದ್ ಪೇಪರ್ ಇತ್ತಲ್ಲಾ ಮಿಸ್. ನಂದೇ ಯಾಕೆ ಮೇಲಿಟ್ರಿ?"

ಇಂಥದೊಂದು ಪ್ರಶ್ನೆ ಬರಬಹುದೆಂದು ತುಂಗಾ ಕನಸಿನಲ್ಲೂ ಎಣಿಸಿರಲಿಲ್ಲ.

"ನಾನು ಇಡ್ಲಿಲ್ಲಮ್ಮ. ನಾನು ನಿಜವಾಗ್ಲೂ ಬಿದ್ದೆ. ಕೈ ಮುರಿದಿದ್ದು ಆವಾಗ್ಲೇ."

"ತಮಾಷೆಗೆ ಮಾಡಿದ್ದು ಅಂತ ಸ್ಕೂಲ್ ಪೇಜಲ್ಲಿದೆ. ನೀವೂ ನಕ್ರಂತೆ."

"ನಕ್ಕೆ. ಎಲ್ಲರಿಗೂ ಹೇಳಿ ಹೇಳಿ ಸಾಕಾಗಿತ್ತು ಕಣೇ, ಅದಕ್ಕೇ ಸುಮ್ನಾದೆ. ನಿನ್ನ ಪೇಪರ್ ಕಾಣುತ್ತೆ ಅಂತ ನೋಡೂ ಇರ್ಲಿಲ್ಲ. ತಪ್ಪು ನಂದೇ."

ಸಿಂಚನಾ ಪ್ಲಾಸ್ಟರ್ ನೋಡಿದಳು. ನಂಬಿದಳೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ. ಲಕ್ಷ್ಮವ್ವ ಚಹಾ ತಂದಿಟ್ಟಳು. ಮೂವರೂ ಕುಡಿದರು.

ಮರುದಿನ ಪ್ರಾರ್ಥನೆಗೆ ಮೊದಲು ತುಂಗಾ ಶಶಿಕಲಾ ಮೇಡಂ ಹತ್ತಿರ ಹೋಗಿ ಮಕ್ಕಳಿಗೆ ಎರಡು ಮಾತು ಹೇಳಬೇಕೆಂದಳು.

"ಈಗ್ಯಾಕೆ ತುಂಗಾ? ಹದಿನೈದು ದಿನ ಬಿಟ್ರೆ ಎಲ್ರೂ ಮರೀತಾರೆ."

"ಆ ಹುಡುಗಿ ಮರೆಯಲ್ಲ ಮೇಡಂ."

ಮೈಕು ಹಿಡಿದು ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಚಪ್ಪಡಿ ವಾಲಿದ್ದು, ಬಿದ್ದದ್ದು, ಉಸಿರು ಸಿಕ್ಕಿಕೊಂಡದ್ದು, ಪೆನ್ನನ್ನು ಬೂಟಿನಿಂದ ಸರಿಸಿದ್ದು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ನಿಲ್ಲುವವರೆಗೂ ಕಾದಳು. "ನಾನು ತಮಾಷೆ ಮಾಡಿರಲಿಲ್ಲ. ಮಾಡಿದ್ದೆ ಅಂತ ಬೇರೆಯವರು ಹೇಳಿದಾಗ ಸುಮ್ಮನಿದ್ದೆ. ಅದರಿಂದ ನಿಮ್ಮ ಜೊತೆಯವಳೊಬ್ಬಳು ಮನೆಯಲ್ಲಿ ಊಟ ಬಿಟ್ಟು ಕೂತಿದ್ದಾಳೆ." ಅಷ್ಟು ಹೇಳಿ ಮೈಕು ಕೆಳಗಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಶಾಲೆಯ ಪೇಜಿನಿಂದ ಫೋಟೋ ಹೋಯಿತು. ಮಿಕ್ಕ ಕಡೆಯೆಲ್ಲ ಇದ್ದೇ ಇತ್ತು. ಶಶಿಕಲಾ ಮೇಡಂ ಎರಡು ದಿನ ಮಾತು ಬಿಟ್ಟರು. ಸುದ್ದಿ ಮನೆಗೂ ಮುಟ್ಟಿತು.

"ತಮಾಷೆಗೆ ಅಂತ ಎಲ್ರಿಗೂ ಹೇಳ್ಬಿಟ್ಟಿದ್ದೆನಲ್ಲ, ನಾನೀಗ ಜನಕ್ಕೆ ಏನಂತ ಹೇಳ್ಲಿ?" ಎಂದ ಸುಧೀಂದ್ರ.

"ಬಿದ್ಲು ಅನ್ನಿ" ಎಂದಳು ತುಂಗಾ.

ಸಿಂಚನಾ ಸೋಮವಾರ ಬಂದಳು. ಕಿಟಕಿ ಪಕ್ಕ ಬಿಟ್ಟು ಕೊನೆಯ ಬೆಂಚಿನಲ್ಲಿ ಕೂತಳು. ತುಂಗಾ ಎಡಗೈಯಲ್ಲಿ ಬೋರ್ಡಿನ ಮೇಲೆ ಸೊಟ್ಟಸೊಟ್ಟಗೆ ಬರೆದ ಲೆಕ್ಕವನ್ನು ಅಕ್ಕಪಕ್ಕ ನೋಡದೆ ಇಳಿಸಿಕೊಂಡಳು. ಬೆಲ್ ಆದಾಗ ಯಾರೊಡನೆಯೂ ಸೇರದೆ ಹೊರಗೆ ಹೋದಳು. ಕಾರಿಡಾರಿನಲ್ಲಿ ಹುಡುಗರು ಕೆನ್ನೆಗೆ ಚಮಚ ಅಂಟಿಸಿಕೊಂಡು ಫೋಟೋ ತೆಗೆದುಕೊಳ್ಳುತ್ತಿದ್ದರು; ಅದೇನೋ ಹೊಸದು ಶುರುವಾಗಿತ್ತು. ಅವಳನ್ನು ಯಾರೂ ಕರೆಯಲಿಲ್ಲ, ಆ ಹೆಸರಿನಿಂದಲೂ ಕರೆಯಲಿಲ್ಲ.

ತುಂಗಾ ಸ್ಟಾಫ್‌ರೂಮಿಗೆ ಬಂದು ಮೇಜಿನ ಮೇಲೆ ತಲೆಯಿಟ್ಟಳು. ಕಣ್ಣು ತಾವಾಗಿಯೇ ಮುಚ್ಚಿದವು.

"ಮೇಡಂ, ನಿಮ್ಮ ಎಂಟನೇ ಕ್ಲಾಸ್ ನಾನು ತಗೋತೀನಿ. ಮಲಗಿ" ಎಂದರು ವಿಜ್ಞಾನದ ಮಧ್ವೇಶ್ ಸರ್. ಅವಳು ಬೇಡವೆನ್ನಲಿಲ್ಲ.