ಅಭ್ಯಾಸದ ಮೂವತ್ತು ಲಕ್ಷ

ಬೋರ್ಡಕ್ಕನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಹನ್ನೊಂದು ವರ್ಷದಿಂದ ಟಿವಿ ಸ್ಟುಡಿಯೋದಲ್ಲಿ ದೇಣಿಗೆ ಕಾರ್ಯಕ್ರಮದ ಬೋರ್ಡು ನೋಡಿಕೊಳ್ಳುವವಳನ್ನು ಜನ ಇನ್ನೇನಂತ ಕರೆದಾರು? ದಾನಿಗಳ ಕರೆ ತೆಗೆದುಕೊಳ್ಳುವ ಫೋನ್ ಹಾಲಿನವರು ಹೆಸರು, ಮೊತ್ತ ಬರೆದು ಕಳಿಸಬೇಕು. ಅದು ಇವಳ ಪರದೆಗೆ ಬರಬೇಕು. ಇವಳು ಗುಂಡಿ ಒತ್ತಿದರೆ ಮಾತ್ರ ವೇದಿಕೆಯ ದೊಡ್ಡ ಬೋರ್ಡಿನಲ್ಲಿ ಅಂಕೆ ಏರಬೇಕು. ನಿರೂಪಕಿ ನಗುವುದೂ ಅಳುವುದೂ ತನ್ನ ಬೆರಳ ಮೇಲೆ ನಿಂತಿದೆ ಅಂತ ಬೋರ್ಡಕ್ಕನಿಗೆ ಒಳಗೊಳಗೇ ಜಂಬ. ಇರಲಿ ಬಿಡಿ, ಅಷ್ಟು ಜಂಬ ಯಾರಿಗಿರುವುದಿಲ್ಲ.

ಈ ವರ್ಷದ ಕಾರ್ಯಕ್ರಮ ಕಿವಿ ಕೇಳದ ಇಪ್ಪತ್ತು ಮಕ್ಕಳ ಆಪರೇಷನ್ನಿಗೆ. ಒಂದು ಮಗುವಿಗೆ ಐದು ಲಕ್ಷ, ಒಟ್ಟು ಒಂದು ಕೋಟಿ. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ನೇರ ಪ್ರಸಾರ. ಬೋರ್ಡು ಐದು ಲಕ್ಷ ಏರಿದಾಗಲೆಲ್ಲ ಕೆಳಗಿನ ಬೆಂಚಿನಿಂದ ಒಂದು ಮಗು ಎದ್ದು ವೇದಿಕೆ ಹತ್ತುತ್ತದೆ, ನಿರೂಪಕಿ ಅದರ ಕೈಗೊಂದು ಬಲೂನು ಕೊಡುತ್ತಾಳೆ. ಮಕ್ಕಳ ಎದೆಗೆ ಒಂದರಿಂದ ಇಪ್ಪತ್ತರವರೆಗೆ ಚೀಟಿ ಅಂಟಿಸಿದ್ದರು. ಆಸ್ಪತ್ರೆಯ ಹಿರಿಯ ನರ್ಸಮ್ಮ ಮೊದಲೇ ಖಡಾಖಂಡಿತ ಹೇಳಿದ್ದರು: "ದುಡ್ಡು ಎಷ್ಟು ಮಕ್ಕಳಿಗೆ ಸಾಲುತ್ತೋ ಅಷ್ಟೇ ಮಕ್ಕಳು, ಪಟ್ಟಿ ಪ್ರಕಾರ. ಉಳಿದವರು ಮುಂದಿನ ವರ್ಷ." ವಯಸ್ಸು ಮೀರಿದಷ್ಟೂ ಈ ಆಪರೇಷನ್ನಿನ ಫಲ ಕಡಿಮೆ ಅಂತಲೂ ಅವರೇ ಹೇಳಿದ್ದರು. ಇಪ್ಪತ್ತನೆಯ ಚೀಟಿಯ ಹಳದಿ ಫ್ರಾಕಿನ ಹುಡುಗಿಗೆ ಆಗಲೇ ಐದು ತುಂಬಿತ್ತು. ಫ್ರಾಕು ಹೊಲಿದವನು ಅವಳ ಅಪ್ಪನೇ, ಟೈಲರ್. ಬೆಳಿಗ್ಗೆಯಿಂದ ಅವಳ ಪಕ್ಕ ಕೂತು ಬೆರಳು ಮಡಿಚಿ ಮಡಿಚಿ ಲೆಕ್ಕ ಹಾಕುತ್ತಿದ್ದ.

ಮಧ್ಯಾಹ್ನ ಮೂರೂವರೆಗೆ ಬೋರ್ಡಿನಲ್ಲಿ ಎಂಬತ್ತೈದು ಲಕ್ಷ, ವೇದಿಕೆಯ ಮೇಲೆ ಹದಿನೇಳು ಮಕ್ಕಳು. ನಿರೂಪಕಿಗೆ ಓದಲು ದೊಡ್ಡ ದಾನಿಗಳ ಹೆಸರು ಬೇಕಿತ್ತು. ಬೋರ್ಡಕ್ಕ ಪಟ್ಟಿಯನ್ನು ಹಿಂದಕ್ಕೆ ಸರಿಸುತ್ತ ಬೆಳಗಿನ ಮೊದಲ ಸಾಲಿಗೆ ಹೋದಳು. ಅಲ್ಲಿತ್ತು: "ಸ್ವರ್ಗದಿಂದ ಅಜ್ಜ, ಹತ್ತು ಲಕ್ಷ." ಅದರ ಕೆಳಗೆ, "ಚಂದ್ರಲೋಕದ ಸೋದರಮಾವ, ಎಂಟು ಲಕ್ಷ." ಅದರ ಕೆಳಗೆ, "ಸಾಲ ತೀರಿಸದ ಭಾವ, ಹನ್ನೆರಡು ಲಕ್ಷ."

ಬೋರ್ಡಕ್ಕ ಪಟ್ಟಿ ಸರಿಸುವುದನ್ನು ಅಲ್ಲೇ ನಿಲ್ಲಿಸಿದಳು.

ಅವು ಅಭ್ಯಾಸದ ಕರೆಗಳು. ಪ್ರತಿ ವರ್ಷ ಪ್ರಸಾರಕ್ಕೆ ಒಂದು ಗಂಟೆ ಮೊದಲು ಫೋನ್ ಹಾಲಿನವರು ಒಬ್ಬರಿಗೊಬ್ಬರು ಫೋನ್ ಮಾಡಿ ಇಲ್ಲದ ದಾನಿಗಳ ಹೆಸರಲ್ಲಿ ಇಲ್ಲದ ದುಡ್ಡು ಬರೆಸಿ ಕೈ ಪಳಗಿಸಿಕೊಳ್ಳುವುದುಂಟು. ಹಾಲಿನ ಮುಖ್ಯಸ್ಥ, ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಫೋನ್ ಮೇಷ್ಟ್ರು, ಈ ಹೆಸರುಗಳನ್ನು ಕಟ್ಟುವುದರಲ್ಲಿ ನಿಸ್ಸೀಮ. ಎಲ್ಲರೂ ನಕ್ಕು ಮುಗಿಸಿದ ಮೇಲೆ ಬೋರ್ಡಕ್ಕ ಅದನ್ನೆಲ್ಲ ಅಳಿಸಿ ಸೊನ್ನೆಗೆ ತರಬೇಕು. ಇವತ್ತು ಅಳಿಸಲು ಕೈ ಎತ್ತಿದ್ದಾಗಲೇ ಅಮ್ಮನ ಫೋನ್ ಬಂದಿತ್ತು. "ಯಾವ ಚಾನೆಲ್ಲೇ? ರಿಮೋಟಲ್ಲಿ ಎಷ್ಟನೇ ನಂಬರು?" ನಂಬರು ಹೇಳಿ, ಮತ್ತೊಮ್ಮೆ ಹೇಳಿ, ಫೋನಿಡುವಷ್ಟರಲ್ಲಿ ಪ್ರಸಾರ ಶುರುವಾಗಿತ್ತು. ಬೋರ್ಡು ತೆರೆದಾಗಲೇ ಮೂವತ್ತು ಲಕ್ಷ ಇದ್ದದ್ದಕ್ಕೆ ಯಾರೂ ಹುಬ್ಬೇರಿಸಲಿಲ್ಲ. ಕಂಪನಿಗಳು ಮುಂಚೆಯೇ ಕೊಟ್ಟ ದುಡ್ಡಿನಿಂದ ಬೋರ್ಡು ಶುರುವಾಗುವುದು ಹೊಸದೇನಲ್ಲ. ಬೋರ್ಡಕ್ಕ ತಾನೂ ಹಾಗೇ ಅಂದುಕೊಂಡಿದ್ದಳು.

ನಿಜವಾಗಿ ಬಂದದ್ದು ಐವತ್ತೈದು ಲಕ್ಷ. ಮಕ್ಕಳ ಲೆಕ್ಕದಲ್ಲಿ ಹನ್ನೊಂದು. ಹನ್ನೆರಡರಿಂದ ಹದಿನೇಳರವರೆಗಿನ ಆರು ಮಕ್ಕಳು ಅಜ್ಜ, ಮಾವ, ಭಾವನ ದುಡ್ಡಿನಲ್ಲಿ ಬಲೂನು ಹಿಡಿದು ನಿಂತಿದ್ದವು.

ಬೋರ್ಡನ್ನು ಇಳಿಸೋಣವೆಂದರೆ, ದೇಣಿಗೆ ಬೋರ್ಡು ಇಳಿದದ್ದನ್ನು ಅವಳು ಈ ಹನ್ನೊಂದು ವರ್ಷದಲ್ಲಿ ಕಂಡಿರಲಿಲ್ಲ. ಹಾಗೇ ಏರಿಸೋಣವೆಂದರೆ ಅದಕ್ಕಿಂತ ಕೇಡು. ಕೋಟಿ ತುಂಬಿತು ಅನ್ನುವುದೇ ತಡ, ಜನ ಟಿವಿ ಆರಿಸಿ ತಂತಮ್ಮ ಕೆಲಸಕ್ಕೆ ಹೋಗುತ್ತಾರೆ, ಫೋನುಗಳು ತಣ್ಣಗಾಗುತ್ತವೆ. ಅತ್ತ ದರಿ, ಇತ್ತ ಪುಲಿ. ಬೋರ್ಡಕ್ಕ ಮೂರನೆಯ ದಾರಿ ಹುಡುಕಿದಳು. ಗುಂಡಿ ಒತ್ತುವುದನ್ನೇ ನಿಲ್ಲಿಸಿಬಿಟ್ಟಳು. ಎಂಬತ್ತೈದು ಎಂಬತ್ತೈದಾಗಿಯೇ ನಿಂತಿರಲಿ, ನಿಜದ ದುಡ್ಡು ಕೆಳಗಿನಿಂದ ಬಂದು ಅದನ್ನು ಮುಟ್ಟಲಿ, ಆಮೇಲೆ ಏರಿಸೋಣ. ಯಾರಿಗೂ ಗೊತ್ತಾಗುವುದಿಲ್ಲ. ಕಳ್ಳಬುದ್ಧಿಗೆ ಜಾಣತನದ ಮುಸುಕು ಹಾಕುವುದು ಎಷ್ಟು ಹೊತ್ತಿನ ಕೆಲಸ?

ಐವತ್ತಾರು. ಐವತ್ತೆಂಟು. ಅರವತ್ತು. ಅವಳು ಚೀಟಿಯ ಮೇಲೆ ಬರೆದುಕೊಳ್ಳುತ್ತಿದ್ದಳು. ಹೊರಗೆ ನಿರೂಪಕಿ, "ಇನ್ನು ಮೂರೇ ಮಕ್ಕಳು! ದಯವಿಟ್ಟು ಫೋನ್ ಮಾಡಿ!" ಅಂತ ಗಂಟಲು ಹರಿದುಕೊಳ್ಳುತ್ತಿದ್ದಳು. ಹಳದಿ ಫ್ರಾಕಿನ ಹುಡುಗಿ ಬೋರ್ಡನ್ನೇ ನೋಡುತ್ತಿದ್ದಳು. ಅವಳಿಗೆ ಮಾತು ಕೇಳಿಸದು, ಚಪ್ಪಾಳೆ ಕೇಳಿಸದು. ಆದರೆ ಬೆಳಿಗ್ಗೆಯಿಂದ ನೋಡಿ ನೋಡಿ ಒಂದು ಸಂಗತಿ ಕಲಿತುಬಿಟ್ಟಿದ್ದಳು. ಬೋರ್ಡು ಬದಲಾದರೆ ಒಂದು ಮಗು ಮೇಲೆ ಹೋಗುತ್ತದೆ.

ನಾಲ್ಕೂ ಮುಕ್ಕಾಲಿಗೆ ಮತ್ತೆ ಅಮ್ಮನ ಫೋನ್.

"ನಾನೂ ಐನೂರು ಬರೆಸಿದೆ ಕಣೇ. ಅರ್ಧ ಗಂಟೆಯಿಂದ ಕಣ್ಣು ಮಿಟುಕಿಸದೆ ನೋಡ್ತಿದೀನಿ, ಅಂಕೆ ಅಲ್ಲಾಡ್ತಾನೇ ಇಲ್ಲ. ನನ್ನ ದುಡ್ಡು ಎಲ್ಲಿಗೆ ಹೋಯ್ತು?"

"ಬಂದಿರುತ್ತೆ ಬಿಡಮ್ಮ."

"ಬಂದಿದ್ರೆ ಕಾಣಬೇಕಲ್ವಾ? ನಾನೇನು ಕುರುಡೀನಾ?"

ಫೋನಿಟ್ಟಳೋ ಇಲ್ಲವೋ, ಫೋನ್ ಮೇಷ್ಟ್ರು ಓಡಿ ಬಂದರು. "ಬೋರ್ಡಕ್ಕ, ಕೊಟ್ಟವರೇ ವಾಪಸ್ ಫೋನ್ ಮಾಡಿ ಬೈತಿದಾರೆ. ನಾವು ಕೊಟ್ಟದ್ದನ್ನ ತಿಂದ್ರಾ ಅಂತಾರೆ. ಹೊಸ ಕರೆ ಹತ್ತು ನಿಮಿಷದಿಂದ ಒಂದೂ ಇಲ್ಲ. ಮಿಷನ್ ಕೆಟ್ಟಿದೆಯಾ?"

ಚೀಟಿಯಲ್ಲಿ ಅರವತ್ತೇಳು. ಉಳಿದದ್ದು ಒಂದು ಗಂಟೆ ಚಿಲ್ಲರೆ. ಗುಟ್ಟಾಗಿ ಉಳಿಸಲು ಹೋಗಿ ತಾನೇ ಮಕ್ಕಳ ಬಾಯಿಗೆ ಮಣ್ಣು ಹಾಕುತ್ತಿದ್ದೇನೆ ಅಂತ ಬೋರ್ಡಕ್ಕನಿಗೆ ಆಗ ಹೊಳೆಯಿತು. ಎದ್ದು ಹೋಗಿ ಅದೇ ಕೋಣೆಯ ಹಿಂದಿನ ಸಾಲಿನಲ್ಲಿ ಕೂತಿದ್ದ ಕಾರ್ಯಕ್ರಮದ ನಿರ್ದೇಶಕರಿಗೆ ಎಲ್ಲ ಹೇಳಿದಳು. ಬೈಗುಳ ಬರುತ್ತದೆ ಅಂದುಕೊಂಡಿದ್ದಳು. ಅವರು ಒಂದು ಲೋಟ ನೀರು ಕುಡಿದರು, ಅಷ್ಟೆ.

"ಕೋಟಿ ಹಾಕಿಬಿಡಿ," ಅಂದರು.

"ಸರ್?"

"ಹಾಕಿ, ಮುಗಿಸೋಣ. ಫೋನಲ್ಲಿ ಹೇಳಿದವರೆಲ್ಲ ಯಾವ ವರ್ಷ ಪೂರ್ತಿ ಕೊಟ್ಟಿದಾರೆ? ಕಡಿಮೆ ಬಿದ್ದದ್ದು ಹೊರಗೆ ಯಾರಿಗೆ ಗೊತ್ತಾಗುತ್ತೆ?"

"ಹದಿನಾಲ್ಕರಿಂದ ಇಪ್ಪತ್ತರವರೆಗಿನ ಮಕ್ಕಳ ಮನೆಯವರಿಗೆ ಗೊತ್ತಾಗುತ್ತೆ ಸರ್."

"ಅದು ಆಸ್ಪತ್ರೆಯವರ ತಲೆನೋವು. ಹೋಗಿ, ಕೂತ್ಕೊಳ್ಳಿ."

ಅವಳು ಹೋಗಿ ಕೂತಳು. ಹನ್ನೊಂದು ವರ್ಷ ಹೇಳಿದ ಮಾತು ಕೇಳಿದ ಬೆರಳು ಗುಂಡಿಯ ಮೇಲಿತ್ತು. ಭಯವಾಯಿತು, ನಿಜವಾಗಿ ಭಯವಾಯಿತು. ಕೆಲಸ ಹೋಗುತ್ತದೆ, ಊರೆಲ್ಲ ಉಗಿಯುತ್ತದೆ, ಅಮ್ಮ ಅದನ್ನು ಕಣ್ಣು ಮಿಟುಕಿಸದೆ ನೋಡುತ್ತಾಳೆ. ನಿರೂಪಕಿಯ ಕಿವಿಗೆ ಮಾತು ತಲುಪಿಸುವ ಮೈಕು ಪಕ್ಕದಲ್ಲೇ ಇತ್ತು. ಬೋರ್ಡಕ್ಕ ಅದನ್ನು ಹತ್ತಿರ ಎಳೆದುಕೊಂಡಳು.

"ಮೇಡಂ, ಬೋರ್ಡು ಇಳಿಸ್ತಿದೀನಿ. ಬೆಳಿಗ್ಗೆ ಅಭ್ಯಾಸದ ಮೂವತ್ತು ಲಕ್ಷ ಅಳಿಸೋದು ಮರೆತೆ. ತಪ್ಪು ನಂದೇ. ಇದ್ದದ್ದು ಇದ್ದ ಹಾಗೆ ಹೇಳಿಬಿಡಿ."

ಅಜ್ಜನನ್ನು ಅಳಿಸಿದಳು, ಮಾವನನ್ನು ಅಳಿಸಿದಳು, ಭಾವನನ್ನು ಅಳಿಸಿದಳು. ತಡೆಹಿಡಿದಿದ್ದ ನಿಜದ ದುಡ್ಡನ್ನೆಲ್ಲ ಬಿಟ್ಟಳು. ಎಂಬತ್ತೈದು ಇದ್ದದ್ದು ಅರವತ್ತೇಳಾಯಿತು.

ಸಭಾಂಗಣ ಹೌಹಾರಿತು. ನಿರೂಪಕಿ ಬಿಳಿಚಿಕೊಂಡರೂ ಕೇಳಿದ್ದನ್ನು ಕೇಳಿದ ಹಾಗೇ ಹೇಳಿದಳು. ವೇದಿಕೆಯ ಮೇಲೆ ಹದಿನೇಳು ಮಕ್ಕಳಿವೆ, ದುಡ್ಡಿರುವುದು ಹದಿಮೂರಕ್ಕೆ. ತಾಯಂದಿರು ಎದ್ದು ನಿಂತರು. ಯಾರ ಮಗು ಇಳಿಯಬೇಕು? ಮಕ್ಕಳಿಗೆ ಮಾತ್ರ ಏನೂ ಕೇಳಿಸಿರಲಿಲ್ಲ. ಅವು ಬಲೂನು ಆಡಿಸುತ್ತ ನಿಂತಿದ್ದವು.

ಅಷ್ಟರಲ್ಲಿ ಹಳದಿ ಫ್ರಾಕು ಎದ್ದಿತು. ಅಷ್ಟು ಹೊತ್ತು ಅಲುಗಾಡದ ಬೋರ್ಡು ಕೊನೆಗೂ ಬದಲಾಗಿತ್ತಲ್ಲ! ಅಪ್ಪ ಹಿಡಿಯುವಷ್ಟರಲ್ಲಿ ಹುಡುಗಿ ಮೆಟ್ಟಿಲು ಹತ್ತಿ ನಿರೂಪಕಿಯ ಮುಂದೆ ನಿಂತು ಬಲೂನಿಗೆ ಕೈ ಚಾಚಿದಳು. ನಿರೂಪಕಿ ಕೈಯಲ್ಲಿದ್ದ ಬಲೂನನ್ನು ಕೊಟ್ಟುಬಿಟ್ಟಳು.

ನಿರ್ದೇಶಕರು ಬೋರ್ಡಕ್ಕನನ್ನು ಕುರ್ಚಿಯಿಂದ ಎಬ್ಬಿಸಿದರು. "ನಿಮ್ಮನ್ನ ಇನ್ನು ಈ ಕೋಣೇಲಿ ನೋಡೋ ಹಾಗಿಲ್ಲ." ಅವಳು ಹೊರಬಂದಳು. ಫೋನ್ ಹಾಲಿನಲ್ಲಿ ಆಗಲೇ ಎಲ್ಲ ಫೋನುಗಳೂ ಬಾಯಿಬಿಟ್ಟಿದ್ದವು. ಮೇಷ್ಟ್ರು ಅವಳ ರಟ್ಟೆ ಹಿಡಿದು ಖಾಲಿ ಕುರ್ಚಿಯಲ್ಲಿ ಕೂರಿಸಿದರು. ಬೈಯಲೆಂದೇ ಫೋನ್ ಮಾಡಿದವರು ಬೈದು ಮುಗಿಸಿ, "ಸರಿ, ಎರಡು ಸಾವಿರ ಬರ್ಕೊಳ್ಳಿ," ಅಂದರು. ಅಮ್ಮನ ಕರೆ ಯಾರಿಗೋ ಹೋಗಿತ್ತು. ಅಂಕೆ ಈಗ ಅಲ್ಲಾಡಿತಂತೆ, ಇನ್ನೂ ಐನೂರು ಬರೆಯಬೇಕಂತೆ.

ಆರು ಗಂಟೆಗೆ ಪ್ರಸಾರ ಮುಗಿಯಿತು. ಬೋರ್ಡು ನಿಂತದ್ದು ತೊಂಬತ್ತೈದು ಲಕ್ಷದ ಎಂಬತ್ತೆಂಟು ಸಾವಿರಕ್ಕೆ. ಹತ್ತೊಂಬತ್ತು ಮಕ್ಕಳು.

ವೇದಿಕೆಯ ದೀಪ ಆರಿಸಿದರು. ಪ್ರಸಾರ ಮುಗಿದ ಮೇಲೂ ಒಂದು ಗಂಟೆ ಫೋನುಗಳು ತೆರೆದಿರುತ್ತವೆ, ಆದರೆ ಆ ಹೊತ್ತಿಗೆ ಕರೆ ಬರುವುದು ಬೆರಳೆಣಿಕೆಯಷ್ಟು. ಬೋರ್ಡಕ್ಕ ಎದ್ದು ಹೋಗಲಿಲ್ಲ. ಟೈಲರ್ ಮಗಳನ್ನು ಎತ್ತಿಕೊಂಡು ಬಂದು ಎದುರಿಗೆ ನಿಂತ. ಬೋರ್ಡಕ್ಕನಿಗೆ ಮುಖ ಎತ್ತಲು ಆಗಲಿಲ್ಲ.

"ಇನ್ನೆಷ್ಟು ಬೇಕು ಮೇಡಂ?"

"ನಾಲ್ಕು ಲಕ್ಷದ ಹನ್ನೆರಡು ಸಾವಿರ."

"ಇದು ಸರಿಯಾದ ಲೆಕ್ಕ ತಾನೆ?"

"ಸರಿಯಾದ ಲೆಕ್ಕ. ಮೂರು ಸಲ ನೋಡಿದೀನಿ."

"ಹಾಗಾದ್ರೆ ಕೂರ್ತೀನಿ," ಅಂದ ಟೈಲರ್. ಕುರ್ಚಿ ಎಳೆದುಕೊಂಡು ಫೋನಿನ ಮುಂದೆ ಕೂತ, ಮಗಳನ್ನು ಮೇಜಿನ ಮೇಲೆ ಕೂರಿಸಿದ.

ಮೂವರೂ ಫೋನನ್ನೇ ನೋಡುತ್ತ ಕೂತರು. ಕರೆ ಬಂದರೆ ಅದರಲ್ಲಿ ಮೊದಲು ದೀಪ ಮಿನುಗಿ, ಆಮೇಲೆ ಗಂಟೆ ಹೊಡೆಯುತ್ತದೆ. ಆರೂವರೆಯಾಯಿತು. ಆರೂ ಮುಕ್ಕಾಲಾಯಿತು. ದಣಿವಿನಿಂದ ಬೋರ್ಡಕ್ಕನ ಕಣ್ಣು ಮುಚ್ಚಿಹೋಗಿತ್ತು. ಯಾರೋ ತೋಳು ಹಿಡಿದು ಎಳೆದರು. ನೋಡಿದರೆ ಹುಡುಗಿ. ಅವಳ ಇನ್ನೊಂದು ಕೈಯ ಬೆರಳು ಫೋನಿನ ತುದಿಯ ಪುಟ್ಟ ಕೆಂಪು ದೀಪವನ್ನು ತೋರಿಸುತ್ತಿತ್ತು. ದೀಪ ಮಿನುಗುತ್ತಿತ್ತು, ಫೋನಿನ ಗಂಟೆ ಇನ್ನೂ ಹೊಡೆದಿರಲಿಲ್ಲ.