ಮೂರನೆಯ ಗೆರೆ

ಶವಯಾತ್ರೆಗೆಂದು ಇಸ್ತ್ರಿ ಮಾಡಿಸಿದ್ದ ಕರಿ ಸೂಟಿನಲ್ಲೇ ಓರಿನ್ ಕಾರಿನ ಕೆಳಗೆ ನುಸುಳಿ ಅಂಗಾತ ಮಲಗಿದ್ದ. ಸುತ್ತಿಗೆಯಿಂದ ಸ್ಟಾರ್ಟರಿಗೆ ಎರಡೇಟು ಕೊಟ್ಟು, “ಈಗ ಕೀ ತಿರುಗಿಸಮ್ಮ” ಎಂದ. ಮೇಲೆ ಜನೆಲ್ ತಿರುಗಿಸಿದಳು. ಟಕ್ ಎಂದದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ವ್ಯಾಗನ್ನಿನ ಹಿಂಭಾಗದಲ್ಲಿ, ಸೀಟುಗಳನ್ನೆಲ್ಲ ಮಡಿಸಿ ಮಾಡಿದ ಜಾಗದಲ್ಲಿ, ಜನೆಲ್‌ಳ ಅಪ್ಪ ಡೆಲ್ಮರ್ ಪೆಟ್ಟಿಗೆಯೊಳಗೆ ಮಲಗಿದ್ದ. ಐವತ್ತು ವರ್ಷದ ಗೆಳೆಯರು. ಒಬ್ಬ ಗಾಡಿಯೊಳಗೆ, ಒಬ್ಬ ಗಾಡಿಯ ಕೆಳಗೆ. ಹತ್ತು ಗಂಟೆಗೆ ಚರ್ಚಿನಲ್ಲಿ ಜನ ಸೇರುತ್ತಾರೆ, ಹತ್ತಕ್ಕೆ ಇನ್ನು ಕಾಲು ಗಂಟೆ. ತನ್ನನ್ನು ಈ ವ್ಯಾಗನ್ನಿನಲ್ಲೇ ಒಯ್ಯಬೇಕು, ಓರಿನ್ನೇ ಓಡಿಸಬೇಕು, ಚರ್ಚಿನಲ್ಲಿ ನಾಲ್ಕು ಮಾತನ್ನೂ ಅವನೇ ಆಡಬೇಕು ಎಂದು ಡೆಲ್ಮರ್ ಆಸ್ಪತ್ರೆಯ ಹಾಸಿಗೆಯಲ್ಲೇ ಅಪ್ಪಣೆ ಕೊಡಿಸಿಹೋಗಿದ್ದ.

“ಬಿಡಿ ಓರಿನ್ ಮಾಮ, ಶವಸಂಸ್ಕಾರದವರ ಕರಿ ಗಾಡೀಲೇ ಒಯ್ಯೋಣ. ನಿಮ್ಮ ಮಂಡಿ ಬೇರೆ ಹಾಗಿದೆ.”

“ನಿಮ್ಮಪ್ಪ ಎದ್ದು ಬಂದು ಬೈತಾನೆ. ಸ್ವಲ್ಪ ಇರು.”

ಸರಿಯಾದ ಜಾಗಕ್ಕೇ ಏಟು ಬೀಳಲೆಂದು ಓರಿನ್ ಜೇಬಿನಿಂದ ಟಾರ್ಚ್ ತೆಗೆದ. ಬೆಳಕು ಸ್ಟಾರ್ಟರಿನ ಮೇಲೆ ಬಿತ್ತು, ಅಲ್ಲಿಂದ ಅದರ ಹಿಂದೆ ಇಂಜಿನ್ನಿನ ಕಬ್ಬಿಣದ ಮೇಲೆ ಬಿತ್ತು. ಅಲ್ಲಿ ಮೂರು ಗೆರೆ ಇರಬೇಕಿತ್ತು. ಹೆಬ್ಬೆರಳಿನಿಂದ ಉಜ್ಜಿದ. ಬಣ್ಣ ದಪ್ಪಗೆ ಕೂತಿರಬಹುದು ಎಂದುಕೊಂಡು ತನ್ನ ಮನೆಯ ಬೀಗದ ಕೈಯಿಂದ ಕೆರೆದ. ಬಣ್ಣ ಎದ್ದು ಬಂತು. ಕೆಳಗಿದ್ದ ಕಬ್ಬಿಣ ನುಣ್ಣಗಿತ್ತು.

ಮೂರನೇ ಏಟನ್ನು ಬೇಕಾದ್ದಕ್ಕಿಂತ ಜೋರಾಗಿ ಹೊಡೆದ. ಇಂಜಿನ್ ಗುಡುಗಿ ಎದ್ದಿತು.

“ಕೇಳಿ ಮಾಮ, ನಿಮ್ಮಪ್ಪ ಬಂದ್ರು” ಎಂದಳು ಜನೆಲ್. ಆ ಮನೆಯಲ್ಲಿ ಅದು ಹಳೇ ತಮಾಷೆ.

*

ಇಪ್ಪತ್ತು ವರ್ಷದ ಹಿಂದೆ ಒಂದು ಹೊಲಮನೆಯ ಹರಾಜಿನಲ್ಲಿ ಎಲ್ಲರೂ ಟ್ರಾಕ್ಟರಿಗೆ ಮುಗಿಬಿದ್ದಿದ್ದರೆ, ಡೆಲ್ಮರ್ ಮಾತ್ರ ಕೊಟ್ಟಿಗೆಯ ಹಿಂದೆ ಕಾಲು ಕೀಳದೆ ನಿಂತಿದ್ದ. ಅರವತ್ತಾರನೇ ಇಸವಿಯ ಸ್ಟೇಷನ್ ವ್ಯಾಗನ್. ಪಕ್ಕಗಳಿಗೆ ಮರದ ಹಲಗೆಯಂತೆ ಕಾಣುವ ಹಾಳೆ, ಹಿಮ್ಮುಖವಾಗಿ ಕೂರುವ ಮೂರನೇ ಸೀಟು, ಇಂಜಿನ್ ಇರಬೇಕಾದಲ್ಲಿ ಕೋಳಿಗಳ ಸಂಸಾರ. ಹಗಲೆಲ್ಲ ಸ್ಕೂಲ್ ಬಸ್ಸು ರಿಪೇರಿ ಮಾಡಿ ಬರುವವನಿಗೆ ಮನೆಯಲ್ಲೂ ಗ್ರೀಸೇ ಬೇಕಾ ಎಂದು ಹೆಂಡತಿ ಆರ್ಲಿಸ್ ಕೇಳಿದಳು. ತಾಕತ್ತಿನ ಎರಡು ಬಾಗಿಲ ಕಾರು ಕಂಡರೆ ಜನ ದೂರದಿಂದ ಕೈ ಬೀಸುತ್ತಾರೆ, ವ್ಯಾಗನ್ ಕಂಡರೆ ಹತ್ತಿರ ಬಂದು ತಮ್ಮ ಕತೆ ಹೇಳುತ್ತಾರೆ ಎಂದ ಡೆಲ್ಮರ್. ಅದು ನಿಜವೇ ಆಯಿತು. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರೆ ಸಾಕು, ಯಾರಾದರೊಬ್ಬ ನಡುವಯಸ್ಸಿನವನು ಬಂದು ಹಿಂದಿನ ಕಿಟಕಿಗೆ ಹಣೆಯಿಟ್ಟು, ತಾವು ಆರು ಮಕ್ಕಳು ಹಿಂದೆ ಕೂತು ಲಾರಿಯವರಿಗೆ ನಾಲಿಗೆ ಚಾಚುತ್ತಿದ್ದೆವೆಂದು ಹೇಳಿಕೊಳ್ಳುತ್ತಿದ್ದ.

ಓರಿನ್‌ನ ಅಪ್ಪನದೂ ಅಂಥದ್ದೇ ವ್ಯಾಗನ್. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ತಿಂದು ಅದರ ತಗಡೆಲ್ಲ ಉದುರಿಹೋಗಿ, ಇಂಜಿನ್ ಒಂದು ಉಳಿದಿತ್ತು. ಅಪ್ಪ ಅದನ್ನು ಬಿಚ್ಚಿದ್ದಾಗ ಸ್ಟಾರ್ಟರಿನ ಹಿಂದೆ ಉಳಿಯಿಂದ ಮೂರು ಗೆರೆ ಕೊರೆದಿದ್ದರು, ಮಕ್ಕಳಿಗೆ ಒಂದೊಂದು. ಮೂರನೆಯದು ಓರಿನ್. ಅಕ್ಕಂದಿರಿಬ್ಬರೂ ಸತ್ತ ಮೇಲೆ ಅಪ್ಪನದೆಂದು ಅವನಿಗೆ ಉಳಿದದ್ದು ಆ ಕಬ್ಬಿಣ ಒಂದೇ. ಅದನ್ನೇ ಡೆಲ್ಮರನಿಗೆ ಕೊಟ್ಟ. ಹೊಸ ಬ್ರೇಕು ಹಾಕಿಸು, ಮೊಮ್ಮಕ್ಕಳಿಗೆ ಸೀಟ್ ಬೆಲ್ಟ್ ಹಾಕಿಸು, ಆರ್ಲಿಸ್‌ಗೆ ಏಸಿ ಹಾಕಿಸು, ಏನು ಬೇಕಾದರೂ ಬದಲಾಯಿಸು. ಇದೊಂದನ್ನು ಮಾತ್ರ ಬದಲಾಯಿಸಬೇಡ ಎಂದು ಮಾತು ತೆಗೆದುಕೊಂಡ. ಡೆಲ್ಮರ್ ಗ್ರೀಸಿನ ಕೈಯಲ್ಲೇ ಅವನ ಕೈ ಕುಲುಕಿದ.

*

ಚರ್ಚಿನವರೆಗಿನ ಎರಡು ಮೈಲಿ ಓರಿನ್ ರಸ್ತೆಯನ್ನೇ ನೋಡುತ್ತ ಓಡಿಸಿದ. ಕೆಳಗೆ ಕತ್ತಲಿತ್ತು, ತನ್ನದು ಹಳೇ ಕಣ್ಣು, ಬೇರೆಲ್ಲೋ ಕೆರೆದಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಪಾದ್ರಿ ಹೆಸರು ಹಿಡಿದು ಕರೆದಾಗ ಎದ್ದುಹೋಗಿ ಕಾಗದ ಬಿಡಿಸಿದ. ಮೂರು ರಾತ್ರಿ ಕೂತು ಬರೆದದ್ದು. ‘ನಾನು ಕೊಟ್ಟದ್ದನ್ನು ಅವನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ’ ಎಂಬ ಸಾಲು ಮೊದಲಲ್ಲೇ ಇತ್ತು. ಓರಿನ್ ಅದನ್ನು ನೋಡಿದ, ಕಾಗದ ಮಡಿಸಿದ.

“ಡೆಲ್ಮರ್ ಗಾಡಿ ಚೆನ್ನಾಗಿ ರಿಪೇರಿ ಮಾಡ್ತಿದ್ದ” ಎಂದು ಹೇಳಿ ಬಂದು ಕೂತ.

ದುಃಖಕ್ಕೆ ಗಂಟಲು ಕಟ್ಟಿತು ಪಾಪ ಎಂದುಕೊಂಡರು ಜನ. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹ್ಯಾಮ್ ಇಟ್ಟ ಬನ್ನು, ಚೀಸ್ ಸುರಿದು ಬೇಯಿಸಿದ ಆಲೂಗಡ್ಡೆ, ನೀರಿನಂಥ ಕಾಫಿ. ಮೂವತ್ತು ವರ್ಷ ಸ್ಕೂಲ್ ಬಸ್ಸು ಓಡಿಸಿದ್ದ ವರ್ಲಾ ತಟ್ಟೆ ಹಿಡಿದು ಓರಿನ್ ಪಕ್ಕದಲ್ಲಿ ಕುಕ್ಕರಿಸಿದಳು.

“ಅವನಂಥ ನೇರ ಮನುಷ್ಯ ಇನ್ನು ಸಿಗಲ್ಲ ಬಿಡು. ಬ್ರೇಕು ಸರಿ ಇಲ್ಲ ಅಂದ್ರೆ ಹೆಡ್‌ಮಾಸ್ಟರ್ ಬಂದು ನಿಂತ್ರೂ ಬಸ್ ಬಿಡ್ತಿರ್ಲಿಲ್ಲ. ಸುಳ್ಳು ಅನ್ನೋದು ಆ ಬಾಯಿಗೆ ಗೊತ್ತೇ ಇರ್ಲಿಲ್ಲ.”

ಓರಿನ್ ಎದ್ದ. ಕಾಫಿ ಪಾತ್ರೆಯ ಹತ್ತಿರ ಆರ್ಲಿಸ್ ಒಬ್ಬಳೇ ನಿಂತಿದ್ದಳು.

“ಗೆರೆ ಇಲ್ಲ” ಎಂದ.

ಯಾವ ಗೆರೆ ಎಂದು ಅವಳು ಕೇಳಿದ್ದರೆ ಚೆನ್ನಾಗಿತ್ತು. ಅವಳು ಕೇಳಲಿಲ್ಲ. ಲೋಟವನ್ನು ಮೇಜಿನ ಮೇಲಿಟ್ಟು ಹೇಳತೊಡಗಿದಳು. ಹನ್ನೊಂದು ವರ್ಷದ ಹಿಂದಿನ ಜನವರಿ. ಎಲ್ಲಿ ಸೋರುತ್ತದೆಂದು ನೋಡಲು ಡೆಲ್ಮರ್ ಇಂಜಿನ್ನಿಗೆ ಬರೀ ನೀರು ತುಂಬಿಸಿದ್ದ. ಅದನ್ನು ಬಸಿದು ಹೆಪ್ಪುಗಟ್ಟದ ಕೂಲೆಂಟ್ ಹಾಕುವ ಮೊದಲೇ ಟೀವಿಯಲ್ಲಿ ಫುಟ್‌ಬಾಲ್ ಪಂದ್ಯ ಶುರುವಾಯಿತು. ಆಮೇಲೆ ಬಿಯರು, ಆಮೇಲೆ ನಿದ್ದೆ. ವಿಸ್ಕಾನ್ಸಿನ್ನಿನ ಚಳಿ ಯಾರಿಗೂ ಕಾಯುವುದಿಲ್ಲ. ಬೆಳಗಾಗುವಷ್ಟರಲ್ಲಿ ನೀರು ಹೆಪ್ಪುಗಟ್ಟಿ ಕಬ್ಬಿಣ ಸೀಳಿತ್ತು.

“ಬೆಸುಗೆ ಹಾಕೋರ ಹತ್ರ ಎಲ್ಲಾ ಒಯ್ದ. ಆಗಲ್ಲ ಅಂದ್ರು. ಕೊನೇಗೆ ಅಂಥದ್ದೇ ಇನ್ನೊಂದು ತಂದು ಕೂರಿಸ್ದ. ನಿಂಗೆ ಹೇಳೋಕೆ ಬಾಯಿ ಬರ್ಲಿಲ್ಲ ಓರಿನ್ ಅವನಿಗೆ.”

“ನನ್ನ ಬಾಯಲ್ಲಿ ಅಪ್ಪ ಅನ್ನಿಸ್ದನಲ್ಲ, ಭಾನುವಾರ ಭಾನುವಾರ. ಅದು ಹೇಗೆ ಬಂತು ಅವನಿಗೆ?”

ಆರ್ಲಿಸ್ ಮೇಜಿನ ಮೇಲಿನ ಲೋಟವನ್ನು ಅತ್ತ ಸರಿಸಿದಳು.

“ಹನ್ನೊಂದು ವರ್ಷ ಕಿವಿ ಮೇಲೆ ಹೂ ಇಟ್ರಿ. ಗಂಡ ಹೆಂಡ್ತಿ ಇಬ್ಬರೂ ಸೇರಿ.”

“ಹೌದು. ನಾನೂ ಸುಮ್ನಿದ್ದೆ.”

*

ಭಾನುವಾರ ಚರ್ಚು ಮುಗಿಸಿ ಓರಿನ್ ಸೀದಾ ಡೆಲ್ಮರನ ಶೆಡ್ಡಿಗೆ ಹೋಗುತ್ತಿದ್ದ. ಡೆಲ್ಮರ್ ಇಂಜಿನ್ ಚಾಲೂ ಮಾಡುತ್ತಿದ್ದ. ಓರಿನ್ ಕಣ್ಣು ಮುಚ್ಚಿ, ಬಾನೆಟ್ಟಿನ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ. ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಮಲಗಿದ ಏಳೆಂಟು ವರ್ಷದ ಹುಡುಗನಿಗೆ ಅಪ್ಪ ಮನೆ ಕಡೆ ಓಡಿಸುತ್ತಿದ್ದಾರೆಂದು ತಿಳಿಯುತ್ತಿದ್ದದ್ದು ಆ ಸದ್ದಿನಿಂದ. ಸಾವಿರ ಗಾಡಿಯ ನಡುವೆ ನಿಲ್ಲಿಸಿದರೂ ಗುರುತು ಹಿಡಿಯುತ್ತೇನೆ ಎಂದು ಕೊಚ್ಚಿಕೊಳ್ಳುತ್ತಿದ್ದ.

ಇಂಜಿನ್ ಸೀಳಿದ ಆ ವರ್ಷ ಮಾರ್ಚಿನಲ್ಲಿ ಡೆಲ್ಮರ್ ಎತ್ತಲೋ ನೋಡುತ್ತ, ಕಾರ್ಬುರೇಟರ್ ಹೊಸದು, ಸದ್ದು ಸ್ವಲ್ಪ ಬೇರೆ ಇರಬಹುದು ಎಂದಿದ್ದ. ಓರಿನ್ ಕೇಳಿಸಿಕೊಂಡು ಕಣ್ಣೊರೆಸಿಕೊಂಡ.

“ಬೇರೆ ಏನಿಲ್ಲ ಕಣೋ. ಮೊದಲಿಗಿಂತ ಈಗಲೇ ಅಪ್ಪನ ಥರ ಇದೆ.”

ಡೆಲ್ಮರ್ ಬಟ್ಟೆ ತೆಗೆದುಕೊಂಡು, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡಿದ್ದ. ಆಮೇಲೆ ಓರಿನ್ ಗಾಡಿಯ ಕೆಳಗೆ ಬಗ್ಗಿದಾಗಲೆಲ್ಲ, ಮಂಡಿ ನೋಡ್ಕೊ, ನಾನಿದೀನಲ್ಲ ಎಂದು ತಡೆಯುತ್ತಿದ್ದ. ಇಂಥ ಗೆಳೆಯ ಯಾರಿಗುಂಟು ಎಂದು ಓರಿನ್ ಊರೆಲ್ಲ ಹೇಳಿಕೊಂಡು ತಿರುಗಿದ್ದ.

*

“ಅದೆಲ್ಲಿ ಈಗ?” ಎಂದು ಓರಿನ್ ಕೇಳಿದ. “ಗುಜರಿಗೆ ಹಾಕಿದ್ನಾ?”

ಆರ್ಲಿಸ್ ಬಾಗಿಲ ಕಡೆ ನೋಡಿದಳು.

“ಗುಜರಿಗೆ ಹಾಕೋಕೆ ಮನಸ್ಸು ಬರ್ಲಿಲ್ಲ. ಕೆರೇಲಿದೆ. ನಿನ್ನ ದೋಣಿ ಕಟ್ತೀಯಲ್ಲ, ಆ ಸರಪಳಿ ತುದೀಲಿ.”

ಆ ವರ್ಷದ ಬೇಸಿಗೆಯಲ್ಲೇ ಡೆಲ್ಮರ್ ಹೊಸ ಲಂಗರು ಹಾಕಿದ್ದ. ಇನ್ನು ಎಂಥ ಗಾಳಿ ಬಂದರೂ ನಿನ್ನ ದೋಣಿ ಅಲ್ಲಾಡುವುದಿಲ್ಲ ಎಂದಿದ್ದ. ಹನ್ನೊಂದು ಬೇಸಿಗೆ ಓರಿನ್ ಆ ಸರಪಳಿಗೆ ದೋಣಿ ಕಟ್ಟಿ, ಇಬ್ಬರೂ ಅಲ್ಲೇ ಗಾಳ ಹಾಕಿ ಕೂತಿದ್ದರು. ನೀರಿನಡಿ ಏನಿದೆಯೆಂದು ಒಬ್ಬನಿಗೆ ಗೊತ್ತಿತ್ತು.

ಓರಿನ್ ಹ್ಯಾಟು ಮರೆತು ಹೊರಟ. ಕೆರೆ ಚರ್ಚಿನ ಇಳಿಜಾರಿನಲ್ಲೇ ಇತ್ತು. ಡೆಲ್ಮರನ ದೋಣಿಕಟ್ಟೆಯ ಬಳಿ ಶೂ ಕೂಡ ಬಿಚ್ಚದೆ ನೀರಿಗಿಳಿದ. ಜೂನ್ ತಿಂಗಳಾದರೂ ನೀರು ಕೊರೆಯುತ್ತಿತ್ತು. ಸರಪಳಿ ಹಿಡಿದು ನಡೆದ; ಸೊಂಟದುದ್ದದ ನೀರಿನಲ್ಲಿ ಕಾಲಿಗೆ ಗಟ್ಟಿಯಾದದ್ದು ತಗಲಿತು. ಕೆಟ್ಟ ಮಂಡಿಯನ್ನು ಕೆಸರಿಗೂರಿ ಕುಕ್ಕರಿಸಿದ. ನೀರು ಗದ್ದಕ್ಕೆ ಬಂತು. ಕೈ ಪಾಚಿಯನ್ನು ಸರಿಸುತ್ತ ಹೋಯಿತು. ಮೊದಲು ಬಿರುಕು ಸಿಕ್ಕಿತು, ಒಂದು ಗೇಣುದ್ದ. ಅದರ ಕೆಳಗೆ ಒಂದು ಗೆರೆ. ಇನ್ನೊಂದು. ಮೂರನೆಯದರೊಳಗೆ ಬೆರಳಿಟ್ಟು ಹಾಗೇ ಕೂತ.

ಮೇಲಿನ ರಸ್ತೆಯಲ್ಲಿ ವ್ಯಾಗನ್ ಬರುವ ಸದ್ದು ಕೇಳಿತು. ಜನೆಲ್ ಅವನನ್ನು ಹುಡುಕಿಕೊಂಡು ಹೊರಟಿರಬೇಕು. ತುಂಬಿದ, ತಾಳ ತಪ್ಪದ ಸದ್ದು. ಅವನ ಕಣ್ಣು ತಾನಾಗಿ ಮುಚ್ಚಿತು, ಕಿವಿ ಅತ್ತ ತಿರುಗಿತು.

ಓರಿನ್ ಗೆರೆಯಿಂದ ಬೆರಳು ತೆಗೆಯಲಿಲ್ಲ. ಉಸಿರು ಹಿಡಿದು, ಆ ಸದ್ದು ಕೇಳದಂತೆ ತಲೆಯನ್ನು ನೀರಿನೊಳಕ್ಕೆ ಮುಳುಗಿಸಿದ.