ಸಿಕ್ಕಿಕೊಳ್ಳುವ ಪಿಸ್ತೂಲು

"ಖಾಲಿ ಇದ್ಯಾ?" ಎಂದು ಬಾನಿ ಕೇಳಿದಳು.

"ಖಾಲಿ," ಎಂದ ಆರ್ವಿಡ್.

"ಎಲ್ಲರ ಮಾತೂ ನಂಬೋ ಹಾಗಿದ್ರೆ ನಾನ್ಯಾಕೆ ಈ ಬಾಗಿಲಲ್ಲಿ ನಿಂತಿರ್ಬೇಕು? ತೆಗೆದು ತೋರ್ಸು."

ಅವನು ಪೆಟ್ಟಿಗೆ ತೆರೆದ. ಬಾನಿ ಪಿಸ್ತೂಲನ್ನು ಕೈಗೆತ್ತಿಕೊಂಡು, ಮೇಲ್ಭಾಗವನ್ನು ಹಿಂದಕ್ಕೆಳೆದು, ಗುಂಡು ಕೂರುವ ಜಾಗಕ್ಕೆ ಕಿರುಬೆರಳು ತೂರಿಸಿ ನೋಡಿ, ವಾಪಸು ಪೆಟ್ಟಿಗೆಗಿಟ್ಟಳು. ಫೈರ್ ಸ್ಟೇಷನ್ನಿನ ಹಾಲಿನಲ್ಲಿ ಮಡಿಸುವ ಕುರ್ಚಿಗಳನ್ನು ಹಾಕಿದ್ದರು. ಒಳಗೆ ಆಗಲೇ ಹತ್ತು ಹನ್ನೆರಡು ಜನ ಕಾಫಿ ಹಿಡಿದು ಕೂತು, ಮೊದಲ ಹಿಮ ಯಾವಾಗ ಬೀಳುತ್ತದೆ ಎಂದು ವಾದ ಮಾಡುತ್ತಿದ್ದರು.

ಮಿಷಿಗನ್ನಿನ ಉತ್ತರದ ಆ ಕಾಡುಸೀಮೆಯಲ್ಲಿ ಬಂದೂಕಿಲ್ಲದ ಮನೆ ಹುಡುಕುವುದೆಂದರೆ ಸಾವಿಲ್ಲದ ಮನೆಯ ಸಾಸಿವೆ ತಂದ ಹಾಗೆ. ಜಿಂಕೆ ಬೇಟೆಯ ರೈಫಲ್ಲು ಗೋಡೆಯ ಮೇಲೆ ತೂಗುತ್ತಿದ್ದರೆ ಯಾರೂ ಏನೂ ಕೇಳುವುದಿಲ್ಲ. ಆದರೆ ಪಿಸ್ತೂಲನ್ನು ಯಾರಿಗೂ ಕಾಣದಂತೆ ಕೋಟಿನೊಳಗೆ ಇಟ್ಟುಕೊಂಡು ಪೇಟೆಯಲ್ಲಿ ಓಡಾಡಬೇಕೆಂದರೆ ಸರ್ಕಾರದ ಪರವಾನಗಿ ಬೇಕು. ಪರವಾನಗಿ ಬೇಕೆಂದರೆ ಈ ಒಂದು ದಿನದ ತರಗತಿಯಲ್ಲಿ ಕೂರಲೇಬೇಕು.

ಆರ್ವಿಡ್ ಕಂಗಾಸ್‌ಗೆ ಪರವಾನಗಿ ಬೇಕಿರಲಿಲ್ಲ. ಕಳ್ಳರ ಭಯವೂ ಇರಲಿಲ್ಲ. ಅವನ ಮನೆಗೆ ಕಳ್ಳ ಬರಬೇಕಾದರೆ ದಾರಿ ಕೇಳಿಕೊಂಡೇ ಬರಬೇಕು. ಅವನಿಗಿದ್ದದ್ದು ತನ್ನದೇ ಭಯ. ವಸಂತದಲ್ಲಿ, ಅಂಗಳದ ಹಿಮ ಇನ್ನೂ ಕರಗಿರದಾಗ, ಹೆಂಡತಿ ಮಾರ್ಲಿಸ್ ತೀರಿಕೊಂಡ ಮೇಲೆ ಬೆಳಗಿನ ಜಾವ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಎದ್ದು ಅಡುಗೆಮನೆಯ ಮೇಜಿನ ಮುಂದೆ ಕೂರುತ್ತಿದ್ದ. ಮೊದಮೊದಲು ಕಿಟಕಿಯಾಚೆ ನೋಡುತ್ತಿದ್ದವನು ಬರಬರುತ್ತಾ ಪಿಸ್ತೂಲಿದ್ದ ಡ್ರಾಯರನ್ನು ನೋಡತೊಡಗಿದ್ದ. ಒಂದು ದಿನ ನೋಡಿದರೆ ಆ ಡ್ರಾಯರ್ ತೆರೆದಿತ್ತು. ತೆರೆದವನು ತಾನೇ ಇರಬೇಕು, ಮನೆಯಲ್ಲಿ ಇನ್ಯಾರಿದ್ದಾರೆ? ಆದರೆ ತೆರೆದ ನೆನಪಿರಲಿಲ್ಲ. ಅವತ್ತೇ ಫೋನ್ ಮಾಡಿ ತರಗತಿಗೆ ಹೆಸರು ಕೊಟ್ಟ.

ಪಿಸ್ತೂಲನ್ನು ಮಾರಿ ಕೈತೊಳೆದುಕೊಳ್ಳಬಹುದಿತ್ತಲ್ಲ ಎಂದರೆ, ಅದು ಆ ಊರನ್ನು ಅರಿಯದವರ ಮಾತು. ಜಿಂಕೆ ಬೇಟೆ ಹತ್ತಿರ ಬಂದಿರುವಾಗ ಗಂಡಸೊಬ್ಬ ಬಂದೂಕು ಮಾರಲು ಹೊರಟರೆ ಸಂಜೆಯೊಳಗೆ ಊರೆಲ್ಲ ಸುದ್ದಿ. ಒಬ್ಬ ಕ್ಯಾನ್ಸರ್ ಎನ್ನುತ್ತಾನೆ, ಇನ್ನೊಬ್ಬ ಇಸ್ಪೀಟಿನಲ್ಲಿ ಸೋತಿರಬೇಕು ಎನ್ನುತ್ತಾನೆ. ನಿಜವನ್ನೇ ಹೇಳೋಣವೆಂದರೆ ಅಲ್ಲಿನ ಗಂಡಸರಿಗೆ ಅದಕ್ಕೆ ಮಾತೇ ಇಲ್ಲ. ಕಾಲು ಮುರಿದರೆ ಹೇಳಿಕೊಳ್ಳುತ್ತಾರೆ, ಟ್ರಕ್ಕು ಕೆಟ್ಟರಂತೂ ವಾರವಿಡೀ ಹೇಳಿಕೊಳ್ಳುತ್ತಾರೆ. ಕೆಟ್ಟ ಯಂತ್ರದ ವಿಷಯದಲ್ಲಿ ಯಾರಿಗೂ ನಾಚಿಕೆಯಿಲ್ಲ. ಹಾಗಾಗಿ ಆರ್ವಿಡ್ ಅದನ್ನೇ ನೆಪ ಮಾಡಿಕೊಂಡು ಬಂದಿದ್ದ. ಪಾಠ ಹೇಳುವ ಬಾನಿ ರೌಟಿಯೊ ಬಂದೂಕು ರಿಪೇರಿಯನ್ನೂ ಮಾಡುತ್ತಿದ್ದಳು. ಮನೆಯ ಪಕ್ಕದ ಶೆಡ್ಡೇ ಅವಳ ಅಂಗಡಿ.

"ಬಾನಿ, ಇದು ಯಾಕೋ ಸಿಕ್ಕಿಕೊಳ್ಳುತ್ತೆ, ಗುಂಡು ಮುಂದಕ್ಕೆ ಹೋಗಲ್ಲ," ಎಂದ, ಪೆಟ್ಟಿಗೆಯನ್ನು ಅವಳ ಕಡೆಗೆ ತಳ್ಳುತ್ತಾ. "ಇಟ್ಕೊಂಡು ನೋಡ್ತೀಯಾ?"

"ಮಧ್ಯಾಹ್ನ ಹೊಡೆಯೋವಾಗ ಗೊತ್ತಾಗತ್ತೆ ಬಿಡು. ಹೋಗಿ ಕೂತ್ಕೋ. ಕಾಫಿ ಕುಡಿ, ಮುಖ ನೋಡು ಹೇಗಾಗಿದೆ."

ಬೆಳಗ್ಗೆಯೆಲ್ಲ ಕಾನೂನಿನ ಪಾಠ. ಚರ್ಚಿಗೆ ಒಯ್ಯಬಾರದು, ಶಾಲೆಗೆ ಒಯ್ಯಬಾರದು, ಕುಡಿದು ಮುಟ್ಟಬಾರದು. ಆಮೇಲೆ ಬಾನಿ ಒಂದು ಕುರ್ಚಿಯನ್ನು ಮುಂದೆ ಎಳೆದು, ಅದನ್ನೇ ಕಾರು ಎಂದುಕೊಳ್ಳಿ ಎಂದಳು. ಪೊಲೀಸ್ ಅಡ್ಡಹಾಕಿದರೆ ಏನು ಹೇಳಬೇಕೆಂದು ಒಬ್ಬೊಬ್ಬರೇ ಬಂದು ಕೂತು ಹೇಳಬೇಕು. ಪೊಲೀಸ್ ಅವಳೇ.

"ಕೈ ಎರಡೂ ಸ್ಟೀರಿಂಗ್ ಮೇಲಿರ್ಲಿ. ಅವರು ಕೇಳೋ ತನಕ ಕಾಯೋ ಹಾಗಿಲ್ಲ, ನೀವಾಗೇ ಬಾಯಿಬಿಟ್ಟು ಹೇಳ್ಬೇಕು. ಸುಮ್ಮನಿದ್ರೆ ಅದೇ ತಪ್ಪು."

ಮೊದಲು ಕೂತವನು ಗಾರ್ಡಿ ಪೆಲ್ಟೊ. ಆರ್ವಿಡ್ ಜೊತೆ ಗಣಿಯಲ್ಲಿ ದುಡಿದು, ಜೊತೆಗೇ ನಿವೃತ್ತನಾದವನು. "ಆಫೀಸರ್, ನನ್ನ ಹತ್ರ ಪಿಸ್ತೂಲಿದೆ, ಪಕ್ಕದಲ್ಲಿ ಹೆಂಡ್ತೀನೂ ಇದಾಳೆ. ಎರಡರಲ್ಲಿ ಯಾವುದು ಡೇಂಜರ್ ಅಂತ ನೀವೇ ನೋಡಿ ಹೇಳಿ," ಎಂದ. ಎಲ್ಲರೂ ನಕ್ಕರು.

ಆರ್ವಿಡ್ ಸರದಿ ಬಂತು. ಇಲ್ಲದ ಸ್ಟೀರಿಂಗನ್ನು ಹಿಡಿದು ಕೂತ. ಬಾನಿ ಬಗ್ಗಿ, ಇಲ್ಲದ ಗಾಜನ್ನು ಬೆರಳಿನಿಂದ ತಟ್ಟಿದಳು. ಹೇಳಬೇಕಾದದ್ದು ಒಂದೇ ಸಾಲು, ಚಿಕ್ಕ ಮಕ್ಕಳೂ ಹೇಳುವಂಥದ್ದು. ಆದರೆ ಅವನ ಬಾಯಿಂದ ಬಂದದ್ದು ಬೇರೆ.

"ನನ್ನ ಹತ್ರ ಪಿಸ್ತೂಲಿದೆ. ತಗೊಂಡ್ಬಿಡಿ."

ಹಾಲ್ ಗೊಳ್ಳೆಂದಿತು. "ಅಯ್ಯೋ ಪುಣ್ಯಾತ್ಮ, ಕೇಳ್ದೇನೇ ಕೊಡ್ತಿದಾನಲ್ಲಪ್ಪ!" ಎಂದು ಗಾರ್ಡಿ ತೊಡೆ ತಟ್ಟಿಕೊಂಡ. ಆರ್ವಿಡ್ ಕೂಡ ನಗಲು ನೋಡಿದ. ಬಾನಿ ಮಾತ್ರ ಬಗ್ಗಿದವಳು ಹಾಗೇ ಇದ್ದು, ಅವನ ಮುಖವನ್ನೇ ನೋಡಿ, "ನೆಕ್ಸ್ಟ್," ಎಂದಳು.

ಊಟಕ್ಕೆ ಚರ್ಚಿನ ಹೆಂಗಸರು ಮಾಂಸ, ಆಲೂಗಡ್ಡೆ ತುಂಬಿದ ಪೇಸ್ಟಿ ಕಳಿಸಿದ್ದರು. ಗಾರ್ಡಿ ತನ್ನದನ್ನು ಮುಗಿಸಿ, ಆರ್ವಿಡ್ ಅರ್ಧ ಬಿಟ್ಟದ್ದಕ್ಕೂ ಕೈಹಾಕಿದ.

"ಈ ಸಲ ಬೇಟೆಗೆ ಕ್ಯಾಂಪಿಗೆ ಬರ್ತೀಯಲ್ವಾ?"

"ನೋಡೋಣ."

"ನೋಡೋದೇನು? ನಿಂಗೇನು ಕಮ್ಮಿ, ಕೇಳೋರಿಲ್ಲ ಹೇಳೋರಿಲ್ಲ. ಟಿವಿ ರಿಮೋಟು ನಿನ್ನ ಕೈಲಿ, ಬೇಕಾದಾಗ ಊಟ, ಬೇಕಾದಾಗ ನಿದ್ದೆ. ರಾಜ ಕಣಯ್ಯ ನೀನು."

ಗಾರ್ಡಿ ಕೆಟ್ಟವನಲ್ಲ. ಮಾರ್ಲಿಸ್ ಹೋದ ದಿನ ಅಂಗಳದ ಹಿಮ ತೆಗೆದುಕೊಟ್ಟವನೇ ಅವನು. ಹೇಳದೆ ಕೇಳದೆ ಬಂದು, ಹಿಮ ತೆಗೆದು, ಹೇಳದೆ ಕೇಳದೆ ಹೋಗಿದ್ದ. ಅವನಿಗೆ ಪ್ರೀತಿಯೆಂದರೆ ಸಲಿಕೆಯ ಕೆಲಸ. ಈಗ ಹಿಮವಿರಲಿಲ್ಲ, ಹಾಗಾಗಿ ಅವನಿಗೆ ಏನು ಮಾಡಬೇಕೆಂದೂ ಗೊತ್ತಿರಲಿಲ್ಲ.

ಮಧ್ಯಾಹ್ನ ಎಲ್ಲರೂ ಊರಾಚೆಯ ಹಳೆಯ ಜಲ್ಲಿ ಗುಂಡಿಗೆ ಹೋಗಿ ಕಾಗದದ ಗುರಿಗಳೆದುರು ಸಾಲಾಗಿ ನಿಂತರು. ಆರ್ವಿಡ್ ಮನಸ್ಸಿನಲ್ಲೇ ದೇವರನ್ನು ಬೇಡಿಕೊಂಡ: ಒಮ್ಮೆಯಾದರೂ ಸಿಕ್ಕಿಕೊಳ್ಳಲಿ. ದೇವರು ಕೇಳಿಸಿಕೊಳ್ಳಲಿಲ್ಲ. ಆ ಪಿಸ್ತೂಲು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೊಡೆಯಿತು. ಕೈ ಹಳೆಯ ಬೇಟೆಗಾರನದು. ತೂತುಗಳೆಲ್ಲ ಅಂಗೈಯಗಲದಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದವು.

"ಸಿಕ್ಕಿಕೊಳ್ಳುತ್ತಂತೆ!" ಎಂದು ಗಾರ್ಡಿ ಕಾಗದವನ್ನು ಎತ್ತಿ ಎಲ್ಲರಿಗೂ ತೋರಿಸಿದ. "ಬಾನಿ, ನನ್ನದನ್ನೂ ಸ್ವಲ್ಪ ಹೀಗೇ ಕೆಡಿಸ್ಕೊಡು ಮಾರಾಯ್ತಿ!"

ಅಲ್ಲಿಗೆ ಸುಳ್ಳು ಸತ್ತಿತು. ಆರ್ವಿಡ್ ಬೇರೆ ಸುಳ್ಳು ಹುಡುಕಿದ, ಸಿಗಲಿಲ್ಲ. ಸುಳ್ಳು ಹೇಳಿ ಅಭ್ಯಾಸವಿಲ್ಲದವನಿಗೆ ಒಂದೇ ದಿನ ಎರಡು ಎಲ್ಲಿಂದ ಬರಬೇಕು? ಇದು ಮತ್ತೆ ಮನೆಗೆ ಬರುತ್ತದೆ, ಆ ಡ್ರಾಯರಿಗೇ ಹೋಗುತ್ತದೆ, ನಾಳೆ ಬೆಳಗಿನ ಜಾವ ನಾವಿಬ್ಬರೇ, ಎಂದುಕೊಂಡ. ಬಿಸಿಲಿತ್ತು, ಜನ ನಗುತ್ತಿದ್ದರು, ಅವನಿಗೆ ಅಳು ಬಂತು. ಗುಂಡಿನ ಸದ್ದು ತಡೆಯಲು ಕಿವಿಗೆ ಹಾಕಿದ್ದ ಮುಚ್ಚಳ ತೆಗೆಯದೆ ಹಾಗೇ ನಿಂತುಕೊಂಡ.

ಸಂಜೆ ಹಾಲಿಗೆ ಮರಳಿ ಎಲ್ಲರೂ ಪ್ರಮಾಣಪತ್ರ ತೆಗೆದುಕೊಂಡು ಹೊರಟರು. ಆರ್ವಿಡ್ ಹೊರಡಲಿಲ್ಲ. ಯಾರೂ ಹೇಳದಿದ್ದರೂ ಕುರ್ಚಿಗಳನ್ನು ಮಡಿಸಿ ಗೋಡೆಗೆ ಒರಗಿಸತೊಡಗಿದ. ಕೊನೆಗೆ ಬಾನಿ ಕೂತಿದ್ದ ಕುರ್ಚಿಯೊಂದೇ ಉಳಿಯಿತು.

"ಯಾವಾಗ ಸಿಕ್ಕಿಕೊಳ್ಳುತ್ತೆ ಅದು?" ಎಂದು ಬಾನಿ ಕೇಳಿದಳು.

"ಬೆಳಗಿನ ಜಾವ," ಎಂದುಬಿಟ್ಟ. ಹೇಳಿದ ಮೇಲೆಯೇ ಅದು ಎಂಥ ಉತ್ತರ ಎಂದು ಅವನಿಗೆ ಹೊಳೆದದ್ದು. ಪಿಸ್ತೂಲು ಕೆಡಲು ಹೊತ್ತುಗೊತ್ತು ನೋಡುತ್ತದೆಯೇ?

ಬಾನಿ ನಗಲಿಲ್ಲ. ಎದ್ದು ಬಂದು ಪೆಟ್ಟಿಗೆಯನ್ನು ತನ್ನ ಕಂಕುಳಿಗೆ ಸೇರಿಸಿಕೊಂಡಳು.

"ಹೌದು, ಕೆಲವು ಹಾಗೇ. ಇದಕ್ಕೆ ಸ್ಪ್ರಿಂಗ್ ಹೊರಗಡೆಯಿಂದ ತರಿಸ್ಬೇಕು. ಹಿಮ ಕರಗೋ ತನಕ ಆಗ್ಬಹುದು, ಇನ್ನೂ ಜಾಸ್ತೀನೂ ಆಗ್ಬಹುದು. ಅವಸರ ಇದ್ಯಾ ನಿಂಗೆ?"

"ಇಲ್ಲ."

"ಮನೇಲಿ ಬೇರೆ ಯಾವುದಾದ್ರೂ ಸಿಕ್ಕಿಕೊಳ್ಳುತ್ತಾ?"

ಆರ್ವಿಡ್ ನೆಲ ನೋಡಿದ. ಅಪ್ಪನ ಕಾಲದ ರೈಫಲ್ಲು ಒಂದು, ಮದುವೆಯಾದ ಹೊಸತರಲ್ಲಿ ಮಾರ್ಲಿಸ್ ಕೊಡಿಸಿದ್ದು ಒಂದು. ಬೇಟೆಯ ಹೊತ್ತಿನಲ್ಲಿ ರೈಫಲ್ಲಿಲ್ಲದ ಗಂಡಸು ಆ ಊರಲ್ಲಿ ಮದುವೆಮನೆಗೆ ಬರಿಗಾಲಲ್ಲಿ ಹೋದವನಿಗಿಂತ ಕಡೆ.

"ಎರಡು ರೈಫಲ್ಲಿದೆ," ಎಂದ. "ಎರಡೂ ಸಿಕ್ಕಿಕೊಳ್ಳುತ್ತೆ."

"ನಡಿ. ನಿನ್ನ ಟ್ರಕ್ಕಿನ ಹಿಂದೇನೇ ಬರ್ತೀನಿ. ಗಾರ್ಡಿ ಕೇಳಿದ್ರೆ ರಿಪೇರಿಗೆ ಕೊಟ್ಟಿದೀನಿ ಅನ್ನು. ಆ ಬಾನಿ ಶುದ್ಧ ಸೋಮಾರಿ, ಕೊಟ್ಟಿದ್ದು ವಾಪಸ್ ಬರಲ್ಲ ಅಂತ ಬೈ. ನಂಬ್ತಾನೆ."

ಆರ್ವಿಡ್ ಮನೆಯಲ್ಲಿ ಬಾನಿ ಹೆಚ್ಚು ಮಾತಾಡಲಿಲ್ಲ. ರೈಫಲ್ಲುಗಳನ್ನು ಕಂಬಳಿಯಲ್ಲಿ ಸುತ್ತಿ ತನ್ನ ಟ್ರಕ್ಕಿನಲ್ಲಿಟ್ಟಳು. ಗುಂಡುಗಳೆಲ್ಲಿ ಎಂದು ಕೇಳಿ ಅವನ್ನೂ ಒಯ್ದಳು. ಆಮೇಲೆ ಅಡುಗೆಮನೆಗೆ ಬಂದು, ತೆರೆದೇ ಇದ್ದ ಡ್ರಾಯರನ್ನು ಸೊಂಟದಿಂದ ತಳ್ಳಿ ಮುಚ್ಚಿದಳು. ಹೋಗುವವಳು ಬಾಗಿಲಲ್ಲಿ ನಿಂತಳು.

"ಕಾರ್ಲ್ ನನ್ನನ್ನ ಕೇಳ್ಬಹುದಾಗಿತ್ತು," ಎಂದಳು.

ಕಾರ್ಲ್ ಅವಳ ಗಂಡ. ಕೆಲವು ವರ್ಷದ ಹಿಂದೆ ತೀರಿಕೊಂಡಾಗ, ಬಂದೂಕು ಒರೆಸುವಾಗ ಆದ ಅಪಘಾತ ಎಂದು ಊರು ಹೇಳಿತ್ತು. ಚರ್ಚಿನಲ್ಲಿ ಬಾನಿಯೂ ಹಾಗೇ ಹೇಳಿದ್ದಳು. ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ಆರ್ವಿಡ್ ಕೂಡ, ಕೇಳಿದವರಿಗೆಲ್ಲ ಅದನ್ನೇ ಹೇಳಿದ್ದ.

"ರಿಪೇರಿ ಮಾಡೋಳು ಅದೇ ಮನೇಲಿದ್ದೆ ನಾನು."

ಬಾನಿ ಕೋಟಿನ ಗುಂಡಿ ಹಾಕಿಕೊಂಡು, "ಸೋಮವಾರ ಡಾಕ್ಟರ ಹತ್ರ ಹೋಗೋಣ. ನಾನೇ ಬರ್ತೀನಿ, ಹಟ ಮಾಡ್ಬೇಡ," ಎಂದಳು. "ನಾಳೆ ಬೆಳಗಿನ ಜಾವ ಫೋನ್ ಮಾಡ್ತೀನಿ."

"ಬೇಡ ಬಾನಿ. ನನ್ನಿಂದ ನಿನ್ನ ನಿದ್ದೆ ಯಾಕೆ ಕೆಡ್ಬೇಕು."

"ಯಾವ ನಿದ್ದೆ?" ಎಂದಳು ಬಾನಿ.

ಅವಳ ಟ್ರಕ್ಕಿನ ಸದ್ದು ಮುಖ್ಯರಸ್ತೆ ಸೇರುವವರೆಗೂ ಅವನು ಬಾಗಿಲಲ್ಲೇ ಇದ್ದ. ಒಳಗೆ ಬಂದು, ಮೇಜಿನ ಮುಂದಿದ್ದ ಕುರ್ಚಿಯನ್ನು ಎತ್ತಿ ಗೋಡೆಯ ಫೋನಿನ ಕೆಳಗೆ ಹಾಕಿಕೊಂಡ. ಕೂತು ಕೈಚಾಚಿ ನೋಡಿದ; ಎಟುಕಿತು. ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡ. ಲೈನಿನ ಸದ್ದು ಬರುತ್ತಿತ್ತು. ಸ್ವಲ್ಪ ಹೊತ್ತು ಅದನ್ನು ಕೇಳಿ, ಸರಿಯಾಗಿ ಕೂರುವ ಹಾಗೆ ಮೆಲ್ಲಗೆ ಇಟ್ಟ.